ವೀಕ್ಷಣೆ ಆರು ಲಕ್ಷ, ಮಷೀನು ಕೇಳಿದವರು 118: ಯೂಟ್ಯೂಬ್ ಜಾಹೀರಾತು ನಿರ್ವಹಣೆ ಕುರಿತು ದೂರು

ಇವರಿಂದ,
ಮಾರಾಟ ವಿಭಾಗ,
ಅಡಿಕೆ ಸುಲಿಯುವ ಯಂತ್ರ ತಯಾರಿಕಾ ಘಟಕ, ಶಿವಮೊಗ್ಗ

ಇವರಿಗೆ,
ವ್ಯವಸ್ಥಾಪಕರು,
ಡಿಜಿಟಲ್ ಜಾಹೀರಾತು ಏಜೆನ್ಸಿ, ಬೆಂಗಳೂರು

ವಿಷಯ: 2025ರ ಆಗಸ್ಟ್ 15ರಿಂದ ಸೆಪ್ಟೆಂಬರ್ 28ರವರೆಗಿನ ಯೂಟ್ಯೂಬ್ ವಿಡಿಯೋ ಜಾಹೀರಾತಿನ ನಿರ್ವಹಣೆಯಲ್ಲಿ ಲೋಪ; ಶುಲ್ಕ ವಾಪಸಾತಿ ಮತ್ತು ಖಾತೆ ಹಸ್ತಾಂತರದ ಬಗ್ಗೆ.

ಮಾನ್ಯರೇ,

ತಾವು ಕಳಿಸಿದ ಮುಕ್ತಾಯ ವರದಿ ತಲುಪಿದೆ. ಅದರ ಪ್ರಕಾರ 45 ದಿನಕ್ಕೆ ಖರ್ಚು ₹2,40,000, ವೀಕ್ಷಣೆ 6 ಲಕ್ಷ, ಒಂದು ವೀಕ್ಷಣೆಗೆ 40 ಪೈಸೆ, ಕನ್ವರ್ಷನ್ (ಜಾಹೀರಾತು ನೋಡಿ ನಮಗೆ ಬೇಕಾದ ಕೆಲಸ ಮಾಡಿದ ಲೆಕ್ಕ) 640, ಒಂದು ಕನ್ವರ್ಷನ್‌ಗೆ ₹375. ಮೊದಲ ಪುಟದಲ್ಲೇ ‘ಗುರಿ ಮೀರಿದ ಸಾಧನೆ’ ಎಂದು ಬರೆದಿದ್ದೀರಿ. ನಮ್ಮ ವಿಚಾರಣೆ ಪುಸ್ತಕದಲ್ಲಿ ಇದೇ ಅವಧಿಗೆ ಇರುವುದು 118 ಹೆಸರು: ಫಾರಂ ತುಂಬಿದವರು 64, ಫೋನ್ ಅಥವಾ ವಾಟ್ಸಾಪ್ ಮಾಡಿದವರು 54. ಆ ಲೆಕ್ಕಕ್ಕೆ ಒಂದು ವಿಚಾರಣೆಗೆ ಬಿದ್ದದ್ದು ₹2,034. ಎರಡು ಲೆಕ್ಕಕ್ಕೆ ಇಷ್ಟು ಅಂತರ ಏಕೆ ಬಂತೆಂದು ಮೂರು ಸಲ ಕೇಳಿದ ಮೇಲೆ ಜಾಹೀರಾತು ಖಾತೆ ನೋಡಲು ಮಾತ್ರ ಅನುಮತಿ ಕೊಟ್ಟಿರಿ. ನೋಡಿದೆವು. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆದಿದ್ದೇವೆ.

640ರಲ್ಲಿ 402 ಎಂಬುದು ‘ಸಂಪರ್ಕಿಸಿ’ ಪುಟ ತೆರೆದ ಲೆಕ್ಕ. ಪುಟ ತೆರೆದದ್ದನ್ನೇ ಕನ್ವರ್ಷನ್ ಎಂದು ಹಾಕಿದ್ದೀರಿ. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ಆ ಪುಟದಲ್ಲಿ ಮೂರು ಸೆಕೆಂಡೂ ನಿಂತಿಲ್ಲ. ಫಾರಂ ಲೆಕ್ಕ 161 ಎಂದಿದೆ, ಬಂದ ಫಾರಂ 64. ಎಣಿಕೆಯ ಸೆಟ್ಟಿಂಗ್ ‘ಒಂದು’ ಎಂದಿರಬೇಕಾದಲ್ಲಿ ‘ಪ್ರತಿಯೊಂದು’ ಎಂದಿರುವುದರಿಂದ, ಫಾರಂ ಕಳಿಸಿದ ಮೇಲೆ ತೆರೆಯುವ ಧನ್ಯವಾದದ ಪುಟವನ್ನು ಒಬ್ಬರು ನಾಲ್ಕು ಸಲ ರಿಫ್ರೆಶ್ ಮಾಡಿದರೆ ನಾಲ್ಕು ಕನ್ವರ್ಷನ್. ಸೀರೆ ಮಾರುವ ಅಂಗಡಿಗೆ ‘ಪ್ರತಿಯೊಂದು’ ಸರಿ, ಒಬ್ಬ ಗಿರಾಕಿ ನಾಲ್ಕು ಸಲ ಸೀರೆ ಕೊಂಡರೆ ನಾಲ್ಕೂ ವ್ಯಾಪಾರವೇ. ಮಷೀನಿನ ಬೆಲೆ ವಿಚಾರಿಸುವ ರೈತ ಮಾತ್ರ ಒಬ್ಬನೇ. ಉಳಿದ 77 ವಾಟ್ಸಾಪ್ ಗುಂಡಿ ಒತ್ತಿದ್ದು. ಒತ್ತಿದವರೆಲ್ಲ ಮೆಸೇಜು ಕಳಿಸಿಲ್ಲ.

ವರದಿಯ ಅಂಕಿ ಉಬ್ಬಿದ್ದಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಬಿಡ್ಡಿಂಗನ್ನು, ಅಂದರೆ ಜಾಹೀರಾತಿನ ಜಾಗಕ್ಕೆ ಬೆಲೆ ಕೂಗುವ ವಿಧಾನವನ್ನು, ‘ಕನ್ವರ್ಷನ್ ಹೆಚ್ಚಿಸು’ ಎಂದು ಇಟ್ಟ ಮೇಲೆ ಗೂಗಲ್‌ನ ಜಾಹೀರಾತು ಯಂತ್ರ ಕಲಿಯುವುದು ಇದೇ ಅಂಕಿಯಿಂದ. ಪುಟ ತೆರೆಯುವವರನ್ನು ಹುಡುಕಿಕೊಡು ಎಂದಿರಿ, ಅದು ನಿಷ್ಠೆಯಿಂದ ಹುಡುಕಿಕೊಟ್ಟಿತು. ಅಗ್ಗವಾಗಿ, ಬೇಗ ಪುಟ ತೆರೆಯುವವರು ಯಾರು? ಆಟದ ಆ್ಯಪಿನಲ್ಲಿ ಬೆರಳು ತಾಗಿ ಜಾಹೀರಾತು ಒತ್ತುವವರು, ಅಪ್ಪನ ಫೋನಿನಲ್ಲಿ ಶಿಶುಗೀತೆ ನೋಡುವ ಮಕ್ಕಳು. ಜಾಹೀರಾತು ಕಾಣಿಸಿಕೊಂಡ ಜಾಗಗಳ ಪಟ್ಟಿಯಲ್ಲಿ ಮೊದಲ ಸಾಲುಗಳೆಲ್ಲ ಇವೇ. ವಿಡಿಯೋ ಪಾಲುದಾರ ತಾಣಗಳನ್ನು (ಯೂಟ್ಯೂಬಿನ ಹೊರಗೆ ಇದೇ ಜಾಹೀರಾತು ತೋರಿಸುವ ತಾಣ, ಆ್ಯಪುಗಳನ್ನು) ತೆಗೆದಿಲ್ಲ, ಮಕ್ಕಳ ಚಾನೆಲ್ ಒಂದನ್ನೂ ಹೊರಗಿಟ್ಟಿಲ್ಲ. 45 ದಿನದಲ್ಲಿ ಆ ಪಟ್ಟಿಯನ್ನು ಒಮ್ಮೆಯಾದರೂ ತೆರೆದಿದ್ದರೆ ಎರಡನೇ ದಿನವೇ ಕಣ್ಣಿಗೆ ಬೀಳುವ ಸಂಗತಿ ಇದು.

24% ವೀಕ್ಷಣೆ ದರವನ್ನು (ಜಾಹೀರಾತು ಕಾಣಿಸಿದ ನೂರು ಸಲದಲ್ಲಿ ವೀಕ್ಷಣೆಯಾದದ್ದು 24) ತಾವು ಹೆಮ್ಮೆಯಿಂದ ತೋರಿಸಿರುವುದಕ್ಕೂ ಇದೇ ಉತ್ತರ. ನಮ್ಮ ಜಾಹೀರಾತು 34 ಸೆಕೆಂಡಿನದು. 30 ಸೆಕೆಂಡು ನೋಡಿದರೆ ಅಥವಾ ಒತ್ತಿದರೆ ವೀಕ್ಷಣೆ ಎಂದು ಲೆಕ್ಕ. ಸ್ಕಿಪ್ ಗುಂಡಿ ಯಾವುದೆಂದು ತಿಳಿಯದ ಮೂರು ವರ್ಷದ ಮಗು ಪೂರ್ತಿ ನೋಡುತ್ತದೆ. ಅಂಥ ಜಾಗದಲ್ಲಿ ದರ ಮೇಲಿರುವುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಇನ್ನು ಊರಿನ ವಿಚಾರ. ಗುರಿ ಪ್ರದೇಶ ಎಂದು ‘ಕರ್ನಾಟಕ’ ಒಂದನ್ನೇ ಹಾಕಿದ್ದೀರಿ. ನಮ್ಮದು ಹಸಿ ಅಡಿಕೆ ಸುಲಿಯುವ ಮಷೀನು. ಹಸಿಯಲ್ಲಿ ಸುಲಿದು, ಬೇಯಿಸಿ, ಒಣಗಿಸುವ ಕೆಂಪಡಿಕೆ ಪ್ರದೇಶಕ್ಕೆ ಬೇಕಾದದ್ದು. ಪುತ್ತೂರು, ಸುಳ್ಯ ಕಡೆ ಗೋಟನ್ನು, ಅಂದರೆ ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ, ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಆ ಚಾಲಿಗೆ ಬೇರೆಯೇ ಮಷೀನು, ನಾವು ಅದನ್ನು ಮಾಡುವುದಿಲ್ಲ. ಮೊದಲ ಮೀಟಿಂಗಿನಲ್ಲೇ ಇದನ್ನು ಹೇಳಿ, ತಾಲ್ಲೂಕಿನ ಪಟ್ಟಿ ಬರೆದು ಕೊಟ್ಟಿದ್ದೆವು. ಆದರೂ 118ರಲ್ಲಿ 39 ಚಾಲಿ ಮಾಡುವವರು. ಇನ್ನೂ 22 ಮಂದಿ ಬೆಳೆಗಾರರೇ ಅಲ್ಲ. ಡೀಲರ್‌ಶಿಪ್ ಕೇಳಿದವರು, ಕೆಲಸ ಕೇಳಿದವರು. ನಿಜವಾದ ಗಿರಾಕಿ ಎನ್ನಬಹುದಾದವರು 57, ತಲಾ ₹4,210. ತೀರ್ಥಹಳ್ಳಿ, ಸಾಗರ, ಹೊಸನಗರ, ಭದ್ರಾವತಿ, ಚನ್ನಗಿರಿ, ಕೊಪ್ಪ, ತರೀಕೆರೆ ಇವುಗಳ ಸುತ್ತ ಕಿಲೋಮೀಟರ್ ಲೆಕ್ಕದಲ್ಲಿ ವೃತ್ತ ಹಾಕುವುದು ಹತ್ತು ನಿಮಿಷದ ಕೆಲಸ. ಶಿರಸಿ, ಸಿದ್ದಾಪುರದಲ್ಲಿ ಎರಡೂ ಬಗೆ ಇರುವುದರಿಂದ ಅಲ್ಲಿಗೆ ಬೇರೆ ಮಾತಿನ ಜಾಹೀರಾತು ಬೇಕು.

ವಿಡಿಯೋ ಕೂಡ ತಮ್ಮದೇ ತಯಾರಿಕೆ, ಹಾಗಾಗಿ ಅದನ್ನೂ ಹೇಳಬೇಕು. ಮೊದಲ ನಾಲ್ಕು ಸೆಕೆಂಡು ಲೋಗೋ ತಿರುಗುತ್ತದೆ. ಆಮೇಲೆ ಕೊಳಲಿನ ಸಂಗೀತಕ್ಕೆ ತೋಟದ ಮೇಲೆ ಡ್ರೋನ್ ಹಾರುತ್ತದೆ. ಮಷೀನು ಕಾಣುವುದು 11ನೇ ಸೆಕೆಂಡಿಗೆ. ಸ್ಕಿಪ್ ಗುಂಡಿ ಬರುವುದು 5ಕ್ಕೆ! ವಿಡಿಯೋದ ಕಾಲುಭಾಗ, ಅಂದರೆ ಎಂಟೂವರೆ ಸೆಕೆಂಡು ತಲುಪಿದವರು 46% ಎಂದು ತಮ್ಮ ವರದಿಯೇ ಹೇಳುತ್ತದೆ. ಜಾಹೀರಾತು ಬಂದ ಅರ್ಧಕ್ಕಿಂತ ಹೆಚ್ಚು ಸಲ ಮಷೀನು ತೆರೆಯ ಮೇಲೆ ಬರಲೇ ಇಲ್ಲ. ತೋಟ ಹೇಗಿರುತ್ತದೆಂದು ಅಡಿಕೆ ಬೆಳೆಗಾರನಿಗೆ ಡ್ರೋನಿನಿಂದ ತೋರಿಸಬೇಕಾಗಿಲ್ಲ. ಮೊದಲ ಕ್ಷಣದಲ್ಲೇ ಹಾಪರಿಗೆ ಬುಟ್ಟಿ ಹಸಿ ಅಡಿಕೆ ಸುರಿಯಬೇಕು, ಒಂದು ಕಡೆ ಸಿಪ್ಪೆ ಇನ್ನೊಂದು ಕಡೆ ಅಡಿಕೆ ಬೀಳುವುದು ಹತ್ತಿರದಿಂದ ಕಾಣಬೇಕು, ಮಷೀನಿನ ಶಬ್ದ ಇದ್ದ ಹಾಗೇ ಕೇಳಬೇಕು, ‘ಹಸಿ ಸುಲಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆದಿರಬೇಕು. ಹೀಗೆ ಮಾಡಿದರೆ ಚಾಲಿಯವರು ಐದನೇ ಸೆಕೆಂಡಿಗೇ ಸ್ಕಿಪ್ ಮಾಡುತ್ತಾರೆ. ಮಾಡಲಿ, ನಮಗೆ ಬೇಕಾದದ್ದೂ ಅದೇ.

ಶಾರ್ಟ್ಸ್‌ಗೂ ಇದೇ ಅಡ್ಡ ವಿಡಿಯೋ ಬಿಟ್ಟಿದ್ದೀರಿ. 9:16ರ ಉದ್ದ ಪರದೆಯಲ್ಲಿ ಅದು ನಡುವೆ ಪಟ್ಟಿಯಂತೆ ಕೂತು, ಮೇಲೆ ಕೆಳಗೆ ಖಾಲಿ ಉಳಿದಿದೆ. ಗುಂಡಿಯ ಮೇಲಿನ ಸಾಲಿನಲ್ಲಿ ‘ಅರೆಕಾ ಡಿಹಸ್ಕರ್ ಖರೀದಿಸಿ’ ಎಂದಿದೆ. ಇಲ್ಲಿ ಯಾರೂ ಹಾಗನ್ನುವುದಿಲ್ಲ. ‘ಸುಲಿಯುವ ಮಷೀನು’ ಎನ್ನುತ್ತಾರೆ, ಹುಡುಕುವುದೂ ಹಾಗೆಯೇ. ಟಿವಿ ಪರದೆಗೂ ಹಣ ಹೋಗಿದೆ. ಟಿವಿ ಕೆಟ್ಟದ್ದೆಂದಲ್ಲ, ಮನೆಮಂದಿ ಒಟ್ಟಿಗೆ ನೋಡುವ ಜಾಗ ಅದು. ಆದರೆ ರಿಮೋಟು ಹಿಡಿದವರು ಫಾರಂ ತುಂಬಲಾರರು, ಅಲ್ಲಿಗೆ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಕೊನೆಯ ಎಂಟು ಹತ್ತು ಸೆಕೆಂಡು ನಿಲ್ಲಬೇಕು.

ಖಾತೆಯ ಬದಲಾವಣೆ ಇತಿಹಾಸದಲ್ಲಿ ಇನ್ನೊಂದು ಸಂಗತಿ ಇದೆ. ದಿನಕ್ಕೆ ₹5,333 ಬಜೆಟ್ಟನ್ನು ಒಂಬತ್ತು ಜಾಹೀರಾತು ಗುಂಪಿಗೆ ಹಂಚಿದ್ದೀರಿ. ಒಂದೊಂದಕ್ಕೆ ₹593. ನಿಜವಾದ ವಿಚಾರಣೆಗೆ ₹2,034 ಬೀಳುವಾಗ, ಒಂದು ಗುಂಪಿಗೆ ಮೂರು ದಿನ ಕಳೆದರೂ ಒಂದು ಫಲಿತಾಂಶ ಬರುವುದಿಲ್ಲ. ಕಲಿಯುವುದಕ್ಕೆ ಜಾಹೀರಾತು ಯಂತ್ರಕ್ಕೆ ಏನಿದೆ? ಅದರ ಮೇಲೆ ಮೊದಲ 19 ದಿನದಲ್ಲಿ ಬಿಡ್ಡಿಂಗ್ ವಿಧಾನವನ್ನು ಐದು ಸಲ ಬದಲಿಸಿದ್ದೀರಿ. ಪ್ರತಿ ಸಲವೂ ಕಲಿಕೆ ಮೊದಲಿನಿಂದ. ನಾಟಿ ಮಾಡಿದ ಸಸಿಯನ್ನು ಬೇರು ಹಿಡಿಯಿತೋ ಇಲ್ಲವೋ ಎಂದು ದಿನಾ ಕಿತ್ತು ನೋಡಿದ ಹಾಗೆ.

ಈ ಕಾರಣಗಳಿಂದ ನಮ್ಮ ಬೇಡಿಕೆ ಹೀಗಿದೆ. ನಿರ್ವಹಣೆಗೆಂದು ಪಡೆದ 15% ಶುಲ್ಕ ₹36,000 ಮತ್ತು ಅದರ ಮೇಲಿನ 18% ಜಿಎಸ್‌ಟಿ ₹6,480, ಒಟ್ಟು ₹42,480 ಹಿಂತಿರುಗಿಸಬೇಕು. ಜಾಹೀರಾತಿಗೇ ಹೋದ ಹಣವನ್ನು ನಾವು ಕೇಳುತ್ತಿಲ್ಲ. ಆಟದ ಆ್ಯಪುಗಳಿಂದ ಬಂದ ಕ್ಲಿಕ್ಕುಗಳ ಬಗ್ಗೆ ಗೂಗಲ್ ವೇದಿಕೆಗೆ ಅಮಾನ್ಯ ಕ್ಲಿಕ್ ದೂರನ್ನು ತಾವೇ ಸಲ್ಲಿಸಿ ಅದರ ಪ್ರತಿ ಕೊಡಿ. ಖಾತೆಯ ಅಡ್ಮಿನ್ ಹಕ್ಕು ನಮ್ಮ ಇಮೇಲಿಗೆ ವರ್ಗವಾಗಬೇಕು. ಹಳೆಯ ಇತಿಹಾಸ ಅಳಿಸದೆ ಅದೇ ಖಾತೆ ಬೇಕು, ಹೊಸದಲ್ಲ.

ಹಸ್ತಾಂತರಕ್ಕೆ ಮೊದಲು ಪುಟ ತೆರೆದ ಲೆಕ್ಕವನ್ನೂ ವಾಟ್ಸಾಪ್ ಗುಂಡಿಯನ್ನೂ ದ್ವಿತೀಯ ಕನ್ವರ್ಷನ್‌ಗೆ (ವರದಿಗೆ ಮಾತ್ರ, ಬಿಡ್ಡಿಂಗಿಗೆ ಬಳಸದ ಲೆಕ್ಕಕ್ಕೆ) ಇಳಿಸಿ, ಫಾರಂ ಎಣಿಕೆಯನ್ನು ‘ಒಂದು’ ಮಾಡಿ. ಫಾರಂನಲ್ಲಿ ‘ಹಸಿ ಸುಲಿಯೋ, ಚಾಲಿಯೋ?’ ಎಂಬ ಒಂದು ಪ್ರಶ್ನೆಯನ್ನೂ, ಕಾಣದಂತೆ ಜಿಕ್ಲಿಡ್ ಎಂಬ ಕ್ಲಿಕ್ ಗುರುತನ್ನು ಹಿಡಿದಿಡುವ ಖಾನೆಯನ್ನೂ ಸೇರಿಸಿ. ನಿಜವಾದ ಗಿರಾಕಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ಖಾತೆಗೆ ಹಿಂದಕ್ಕೆ ಏರಿಸುವ ಕೆಲಸ ನಮ್ಮವರೇ ಮಾಡುತ್ತಾರೆ.

ಕೊಯ್ಲು ನಡೆಯುತ್ತಿದೆ, ಮಷೀನು ಕೊಳ್ಳುವವರು ಈಗಲೇ ಕೊಳ್ಳುತ್ತಾರೆ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಒಪ್ಪಂದದ ಷರತ್ತಿನಂತೆ ವಕೀಲರ ಮೂಲಕ ನೋಟಿಸು ಕಳಿಸುತ್ತೇವೆ. ಅಡ್ಮಿನ್ ಹಕ್ಕಿಗೆ ಮಾತ್ರ 15 ದಿನ ಕಾಯಲಾಗದು, ಅದು ಮೂರು ದಿನದಲ್ಲಿ ಆಗಬೇಕು.

ಇತಿ ತಮ್ಮ ವಿಶ್ವಾಸಿಗಳು,
ಮಾರಾಟ ವಿಭಾಗದ ಪರವಾಗಿ

ಲಗತ್ತು: ವಿಚಾರಣೆ ಪುಸ್ತಕದ ನಕಲು (ಫೋನ್ ನಂಬರ್ ಮರೆಮಾಡಿದೆ), ಜಾಹೀರಾತು ಕಂಡ ಜಾಗಗಳ ಪಟ್ಟಿ, ಬದಲಾವಣೆ ಇತಿಹಾಸದ ಪ್ರತಿ, ತಾಲ್ಲೂಕು ಪಟ್ಟಿ ಕಳಿಸಿದ ಇಮೇಲ್.