ಮೊದಲು ಹಾಡು ಕೇಳಿಸಲಿ, ಆಮೇಲೆ ನೀನು

ತಮ್ಮಾ,

ಲೇಖನ ಓದಿದೆ. ಐರ್ಲೆಂಡಿನ ಹಾಡುಗಾರ ಡೇಮಿಯನ್ ರೈಸ್‌ನ ಮೊದಲ ಆಲ್ಬಂ ‘ಓ’ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನಿಸಿದ್ದೇ ಖುಷಿಯ ವಿಷಯ. 2002ರಲ್ಲಿ ಐರ್ಲೆಂಡಿನಲ್ಲಿ ಬಂದ ಆಲ್ಬಂ ಅದು. ನೀನಾಗ ತೊಟ್ಟಿಲಲ್ಲಿದ್ದೆಯೇನೋ. ಇಷ್ಟು ವರ್ಷ ಆದಮೇಲೂ ಅದು ನಿನ್ನ ವಯಸ್ಸಿನವರ ಕೈಗೆ ಸಿಕ್ಕಿ, ನಿದ್ದೆ ಕೆಡಿಸಿ, ನಾಲ್ಕು ಪುಟ ಬರೆಸಿತು ಅಂದರೆ ಅದರಲ್ಲಿ ಏನೋ ಇದೆ ಅಂತಲೇ ಅರ್ಥ. ಹೊಗಳಿಕೆ ಇಷ್ಟು ಸಾಕು ಅಲ್ವಾ, ಈಗ ಕೆಲಸಕ್ಕೆ ಬರೋಣ.

ನಿನ್ನ ಲೇಖನದಲ್ಲಿ ಹಾಸ್ಟೆಲ್ ಕೋಣೆ ಇದೆ, ಮಳೆ ಇದೆ, ರಾತ್ರಿ ಎರಡು ಗಂಟೆ ಇದೆ, ಇಯರ್‌ಫೋನ್ ಇದೆ, ಕಣ್ಣೀರೂ ಇದೆ. ಹಾಡು ಎಲ್ಲಪ್ಪಾ? ‘ಮನ ಕಲಕುವ’, ‘ಎದೆ ತಟ್ಟುವ’, ‘ಕಾಡುವ’ ಅನ್ನುವ ಮೂರು ಮಾತು ತೆಗೆದರೆ ಎರಡನೇ ಪುಟದಲ್ಲಿ ಏನೂ ಉಳಿಯುವುದಿಲ್ಲ. ಅವೇ ಮೂರು ಮಾತನ್ನು ನಾಳೆ ಇನ್ಯಾವನೋ ಗಾಯಕನ ಹೆಸರಿಗೆ ಅಂಟಿಸಿದರೂ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ನಾನು ಹೇಳಬೇಕಾಗಿರುವುದು ಒಂದೇ. ಹಾಡು ಕೇಳಿ ನಿನಗೇನಾಯ್ತು ಅನ್ನೋದು ಆಮೇಲೆ. ಹಾಡಿನೊಳಗೆ ಏನಾಗುತ್ತದೆ ಅನ್ನೋದನ್ನು ಮೊದಲು ಬರೆ.

‘ಐ ರಿಮೆಂಬರ್’ ತಗೋ. ನೀನು ಅದಕ್ಕೆ ಕೊಟ್ಟಿದ್ದು ಒಂದು ವಾಕ್ಯ, ‘ವಿರಹದ ತೀವ್ರತೆಯನ್ನು ಕಟ್ಟಿಕೊಡುವ ಅದ್ಭುತ ಗೀತೆ’ ಅಂತ. ಆದರೆ ಅಲ್ಲಿ ಆಗುವುದೇನು? ಮೊದಲು, ಈ ಆಲ್ಬಂನಲ್ಲಿ ಡೇಮಿಯನ್ ಜೊತೆ ಹಾಡಿರುವ ಲೀಸಾ ಹ್ಯಾನಿಗನ್ ಒಬ್ಬಳೇ ಹಾಡುತ್ತಾಳೆ. ಗಿಟಾರ್ ಮೆತ್ತಗಿದೆ, ದನಿ ಇನ್ನೂ ಮೆತ್ತಗಿದೆ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಲಿ ಅನ್ನುವ ಹಾಗೆ ನೆನಪುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾಳೆ. ಅರ್ಧ ಹಾಡು ಹೀಗೇ ಹೋಗುತ್ತದೆ. ಆಮೇಲೆ ಡೇಮಿಯನ್ ಬರುತ್ತಾನೆ. ಅವಳು ಬಿಟ್ಟ ರಾಗವನ್ನು ಎತ್ತಿಕೊಳ್ಳುವುದೂ ಇಲ್ಲ, ಅವಳ ಮಾತಿಗೆ ಉತ್ತರ ಕೊಡುವುದೂ ಇಲ್ಲ. ತನ್ನದೇ ಬೇರೆ ಹಾಡನ್ನು ಶುರು ಮಾಡಿದವನ ಹಾಗೆ ಶುರು ಮಾಡಿ, ಏರಿಸುತ್ತಾ ಏರಿಸುತ್ತಾ, ಡ್ರಮ್ಸ್ ಸೇರಿ, ದೊಡ್ಡ ಪಿಟೀಲಿನಂಥ ಸೆಲ್ಲೋ ಸೇರಿ, ಕೊನೆಗೆ ಕೂಗಾಟವೇ ಆಗಿಬಿಡುತ್ತದೆ. ಒಂದೇ ಪ್ರೀತಿಯನ್ನು ಇಬ್ಬರು ನೆನಪಿಟ್ಟುಕೊಂಡಿರುವ ಬಗೆ ಇದು. ಅವಳ ನೆನಪೂ ಅವನ ನೆನಪೂ ಒಂದಕ್ಕೊಂದು ಸೇರುವುದೇ ಇಲ್ಲ. ನೋಡು, ಇಷ್ಟು ಬರೆಯಲು ನನಗೆ ‘ವಿರಹ’ ಅನ್ನುವ ಮಾತು ಬೇಕಾಗಲಿಲ್ಲ.

‘ದಿ ಬ್ಲೋವರ್ಸ್ ಡಾಟರ್’ ವಿಷಯದಲ್ಲಂತೂ ನೀನು ಪೂರ್ತಿ ಸಿನಿಮಾದ ಕೈಗೆ ಸಿಕ್ಕಿಹಾಕಿಕೊಂಡಿದ್ದೀಯ. ಮೈಕ್ ನಿಕೋಲ್ಸ್‌ನ ‘ಕ್ಲೋಸರ್’ 2004ರಲ್ಲಿ ಬಂತು. ಲಂಡನ್ನಿನ ಬೀದಿಯ ಗುಂಪಿನಲ್ಲಿ ನಟಾಲಿ ಪೋರ್ಟ್‌ಮನ್ ನಡೆದು ಬರುವ ಆ ಮೊದಲ ದೃಶ್ಯಕ್ಕೆ ಇದೇ ಹಾಡು, ಸಿನಿಮಾದ ಕೊನೆಗೂ ಇದೇ ಹಾಡು. ಜಗತ್ತಿನ ಎಷ್ಟೋ ಜನ ಈ ಆಲ್ಬಂಗೆ ಬಂದಿದ್ದು ಆ ದಾರಿಯಲ್ಲೇ, ತಪ್ಪೇನಿಲ್ಲ. ಆದರೆ ನೀನು ‘ನಿಷ್ಕಳಂಕ ಪ್ರೇಮದ ಹಾಡು’ ಅಂತ ಬರೆದಿದ್ದೀಯಲ್ಲ, ಕೊನೆವರೆಗೂ ಕೇಳಿದ್ದೀಯೇನು? ನಿನ್ನಿಂದ ಕಣ್ಣು ತೆಗೆಯಲು ಆಗುತ್ತಿಲ್ಲ ಅಂತ ಅವನು ಅದೆಷ್ಟು ಸಲ ಹೇಳುತ್ತಾನೆ. ನಡುವೆ ಲೀಸಾ ಬಂದು ಸಣ್ಣ ದನಿಯಲ್ಲೇ ದ್ವೇಷದ ಮಾತು, ಎಲ್ಲ ಬಿಟ್ಟು ಹೋಗುವ ಮಾತು ಆಡಿ ಹೋಗುತ್ತಾಳೆ. ಆಮೇಲೆ ಅವನ ಸಾಲಿನಲ್ಲಿ ಕಣ್ಣಿನ ಜಾಗಕ್ಕೆ ಮನಸ್ಸು ಬರುತ್ತದೆ. ಅದನ್ನೂ ಹೇಳಿ ಹೇಳಿ, ಕಟ್ಟಕಡೆಗೆ ಒಂದು ಚೂರು ಸೇರಿಸುತ್ತಾನೆ: ಬೇರೆ ಯಾರಾದರೂ ಸಿಗುವವರೆಗೆ. ಅಷ್ಟೇ, ಹಾಡು ಮುಗಿಯಿತು. ಅಲ್ಲಿಯವರೆಗೆ ಕೇಳಿದ್ದೆಲ್ಲ ಆ ಒಂದು ಚೂರಿನಿಂದ ತಲೆಕೆಳಗಾಗುತ್ತದೆ. ಇದನ್ನು ಬಿಟ್ಟು ಮಳೆಯ ಬಗ್ಗೆ ಎಂಟು ಸಾಲು ಬರೆದಿದ್ದೀಯಲ್ಲೋ ಮಾರಾಯ!

ಇನ್ನು ಅವನ ಜೀವನದ ಕಥೆ. ಒಂದನೇ ಪುಟ ಪೂರ್ತಿ ಅದೇ. ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಕಿಲ್ಡೇರ್ ಕೌಂಟಿಯ ಸೆಲ್‌ಬ್ರಿಡ್ಜ್ ಊರಿನ ಹುಡುಗ, ಗೆಳೆಯರ ಜೊತೆ ‘ಜೂನಿಪರ್’ ಅಂತ ಬ್ಯಾಂಡ್ ಕಟ್ಟಿದ, ಪಾಲಿಗ್ರಾಮ್‌ನಂಥ ದೊಡ್ಡ ಕಂಪನಿಯ ಕರಾರೂ ಸಿಕ್ಕಿತು. ಕಂಪನಿಗೆ ಬೇಕಾದ ಹಾಗೆ ಹಾಡು ಮಾಡುವುದು ಒಗ್ಗದೆ ಎಲ್ಲ ಬಿಟ್ಟು ಇಟಲಿಯ ಟಸ್ಕನಿಗೆ ಹೋಗಿ ಕೃಷಿ ಮಾಡಿಕೊಂಡಿದ್ದ, ಆಮೇಲೆ ಯುರೋಪಿನ ಬೀದಿಗಳಲ್ಲಿ ಗಿಟಾರ್ ಹಿಡಿದು ಹಾಡಿದ. ಯಾರು ಬರೆದರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೇ ನೀನು ಇಲ್ಲಿಂದ ಶುರು ಮಾಡಬೇಡ. ಟಸ್ಕನಿಯ ಹೊಲ ಯಾವ ಹಾಡಿನಲ್ಲಿ ಕೇಳಿಸುತ್ತದೆ ಹೇಳು ನೋಡೋಣ.

ಕೇಳಿಸುವುದು ಬೇರೆ ಒಂದು ಸಂಗತಿ, ನೀನು ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಊರಿಗೆ ವಾಪಸ್ ಬಂದವನಿಗೆ ಸಿನಿಮಾ ಸಂಗೀತಗಾರ ಡೇವಿಡ್ ಅರ್ನಾಲ್ಡ್ ನೆರವಾದರು. ಜೇಮ್ಸ್ ಬಾಂಡ್ ಚಿತ್ರಗಳಿಗೆ ಸಂಗೀತ ಕೊಟ್ಟವರು, ಸಂಬಂಧದಲ್ಲಿ ಇವನಿಗೆ ಅಣ್ಣ ಆಗಬೇಕು. ಡೆಮೊ ಕೇಳಿ ಮೆಚ್ಚಿ, ಎಲ್ಲಿ ಬೇಕಾದರೂ ಹೊತ್ತೊಯ್ದು ರೆಕಾರ್ಡ್ ಮಾಡಿಕೊಳ್ಳಬಹುದಾದ ಸಲಕರಣೆ ಒದಗಿಸಿದರು. ಸ್ಟುಡಿಯೋದ ಗಂಟೆ ಲೆಕ್ಕದ ಬಾಡಿಗೆ ತಲೆ ಮೇಲೆ ಇಲ್ಲದವನು ಹೇಗೆ ಹಾಡುತ್ತಾನೋ ಹಾಗೆ ಹಾಡಿದ್ದಾನೆ ಇಲ್ಲಿ. ‘ಡೆಲಿಕೇಟ್’ ಅಥವಾ ‘ಕ್ಯಾನನ್‌ಬಾಲ್’ ಹಾಕಿಕೊಂಡು ಕೇಳು, ಉಸಿರು ಎಳೆದುಕೊಳ್ಳುವುದು ಕೇಳುತ್ತದೆ, ಬೆರಳು ತಂತಿಯ ಮೇಲೆ ಜಾರುವುದು ಕೇಳುತ್ತದೆ, ಸಾಲಿನ ಕೊನೆಯಲ್ಲಿ ದನಿ ಒಡೆದದ್ದನ್ನು ಹಾಗೇ ಬಿಟ್ಟಿದ್ದಾರೆ. ಜೀವನದ ಕಥೆ ಹೇಳುವುದಾದರೆ ಹೀಗೆ ಸದ್ದಿನವರೆಗೂ ಬಂದು ಮುಟ್ಟುವಷ್ಟನ್ನೇ ಹೇಳು, ಉಳಿದದ್ದನ್ನು ಬಿಡು.

ನಿನಗೆ ಒಂದು ಮನೆಪಾಠ. ಡೇಮಿಯನ್ ಬಿಟ್ಟ ಮೇಲೆ ಜೂನಿಪರ್‌ನ ಉಳಿದ ಗೆಳೆಯರು ‘ಬೆಲ್ ಎಕ್ಸ್ ಒನ್’ ಅಂತ ಹೆಸರಿಟ್ಟುಕೊಂಡು 2000ದಲ್ಲೇ ಮೊದಲ ಆಲ್ಬಂ ತಂದರು. ‘ಓ’ದಲ್ಲಿರುವ ‘ವಾಲ್ಕೇನೋ’ ಹಾಡು ಅದರಲ್ಲೂ ಇದೆ. ಒಟ್ಟಿಗೆ ಇದ್ದಾಗ ಹುಟ್ಟಿದ ಹಾಡು, ಎರಡು ಮನೆಗೂ ಹೋಯಿತು. ಎರಡನ್ನೂ ಹಿಂದೆ ಮುಂದೆ ಇಟ್ಟುಕೊಂಡು ಕೇಳು. ‘ಓ’ದಲ್ಲಿ ಗಿಟಾರಿನ ಆ ಕುಂಟು ಹೆಜ್ಜೆಯ ಹಿಂದೆ ವಿವಿಯನ್ ಲಾಂಗ್ ನುಡಿಸುವ ಸೆಲ್ಲೋ ಇದೆ, ಕೊನೆಯಲ್ಲಿ ಅವನದೊಂದು ಸಾಲು, ಲೀಸಾಳದೊಂದು ಸಾಲು, ಒಂದರ ಮೇಲೊಂದು ಬಿದ್ದು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗದ ಹಾಗೆ ಆಗುತ್ತದೆ. ಒಂದೇ ಹಾಡನ್ನು ಇಬ್ಬರು ಎತ್ತಿಕೊಂಡಾಗ ಏನು ಬದಲಾಯಿತು ಅಂತ ಹತ್ತು ಸಾಲು ಬರೆದು ನೋಡು. ವಿಶೇಷಣ ಹಾಕಲು ಜಾಗವೇ ಇರುವುದಿಲ್ಲ, ಬೇಕಾದರೆ ಪಂದ್ಯ.

ಲೀಸಾಳ ಹೆಸರು ನಿನ್ನ ನಾಲ್ಕು ಪುಟದಲ್ಲಿ ಒಂದೇ ಸಲ ಬಂದಿದೆ, ಅದೂ ‘ಸಹಗಾಯಕಿ’ ಅಂತ. ಇದು ನನಗೆ ಸಿಟ್ಟು ಬರಿಸಿತು. ಮುಖಪುಟದಲ್ಲಿ ಒಬ್ಬನ ಹೆಸರಿದ್ದರೆ ಒಬ್ಬನೇ ಮಾಡಿದ್ದು ಅಂತ ತಿಳಿಯುವ ಅಭ್ಯಾಸ ನಮಗೆಲ್ಲ ಇದೆ. ಆದರೆ ಅವಳ ದನಿ ತೆಗೆದು ಈ ಆಲ್ಬಂ ಊಹಿಸಿಕೋ, ಎಷ್ಟೋ ಹಾಡುಗಳಲ್ಲಿ ಅವನು ಗೋಡೆಗೆ ಮಾತಾಡುತ್ತಿರುತ್ತಾನೆ. ‘ಎಸ್ಕಿಮೋ’ ಮುಗಿದ ಮೇಲೆ ಸುಮಾರು ಹೊತ್ತು ಕಾದರೆ ಹೆಸರು ಹಾಕದ ಹಾಡುಗಳು ಬರುತ್ತವಲ್ಲ, ಅಲ್ಲಿ ‘ಸೈಲೆಂಟ್ ನೈಟ್’ ಅನ್ನುವ ಕ್ರಿಸ್‌ಮಸ್ ಹಾಡಿನ ರಾಗಕ್ಕೆ ಬೇರೆ ಮಾತು ಹಾಕಿ ಅವಳೊಬ್ಬಳೇ ಹಾಡುತ್ತಾಳೆ. ಆಲ್ಬಂನ ಕೊನೇ ದನಿ ಅವಳದ್ದು. 2007ರಲ್ಲಿ ಅವರಿಬ್ಬರ ಜೊತೆ ಮುರಿಯಿತು, ಮರುವರ್ಷ ಅವಳದೇ ಮೊದಲ ಆಲ್ಬಂ ‘ಸೀ ಸ್ಯೂ’ ಬಂತು, ಅದನ್ನೂ ಕೇಳು.

ಮತ್ತೆ, ಈ ಆಲ್ಬಂ ಅರ್ಪಿಸಿರುವುದು ಮಿಕ್ ಕ್ರಿಸ್ಟೋಫರ್‌ಗೆ. ಡಬ್ಲಿನ್ನಿನ ಗ್ರಾಫ್ಟನ್ ಬೀದಿಯಲ್ಲಿ ಹಾಡುತ್ತಾ ಬೆಳೆದವನು, ಅಲ್ಲಿನ ಹಾಡುಗಾರರಿಗೆಲ್ಲ ಬೇಕಾದವನು. 2001ರ ನವೆಂಬರಿನಲ್ಲಿ, ಹಾಡಲು ಹೋಗಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ಬಿದ್ದು ಪೆಟ್ಟಾಗಿ ತೀರಿಕೊಂಡ. ನೀನು ಅರ್ಪಣೆಯನ್ನು ಗಮನಿಸಿದ್ದು ಸರಿ, ಅಲ್ಲಿಂದ ಒಂದೇ ನೆಗೆತಕ್ಕೆ ‘ಆ ಸಾವಿನ ನೋವೇ ಈ ಹಾಡುಗಳಾಗಿ ಹರಿದಿದೆ’ ಅಂದದ್ದು ಸರಿಯಲ್ಲ. ‘ದಿ ಬ್ಲೋವರ್ಸ್ ಡಾಟರ್’ 2001ರಲ್ಲಿ ಆಲ್ಬಂಗಿಂತ ಮೊದಲೇ ಬಿಡಿ ಹಾಡಾಗಿ (ಸಿಂಗಲ್) ಬಂದಾಗ ಮಿಕ್ ಇದ್ದ. ‘ವಾಲ್ಕೇನೋ’ ಇನ್ನೂ ಹಿಂದಿನದು. ಇಸವಿಗಳನ್ನು ಪಕ್ಕಪಕ್ಕ ಬರೆದುಕೊಂಡಿದ್ದರೆ ಆ ವಾಕ್ಯ ನಿನ್ನ ಪೆನ್ನಿಂದ ಬರುತ್ತಲೇ ಇರಲಿಲ್ಲ.

ಒಂದು ಕಡೆ ನೀನು ‘ಇವನು ಐರ್ಲೆಂಡಿನ ಭಾವಗೀತೆಗಾರ’ ಅಂತ ಬರೆದಿದ್ದೀಯ. ಅಡ್ಡಿಯಿಲ್ಲ, ಓದುವವರಿಗೆ ಬೇಗ ತಲುಪುತ್ತದೆ. ಆದರೆ ನಮ್ಮ ಭಾವಗೀತೆಯಲ್ಲಿ ಸಾಮಾನ್ಯವಾಗಿ ಬರೆದ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಕವಿತೆ ಮೊದಲೇ ಪುಸ್ತಕದಲ್ಲಿ ಅಚ್ಚಾಗಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಇಲ್ಲಿ ಬರೆದವನೂ ಅವನೇ, ಹಾಡಿದವನೂ ಅವನೇ. ಕಾಗದದ ಮೇಲೆ ಸಪ್ಪೆ ಅನಿಸುವ ಸಾಲನ್ನು ಅವನು ಎಲ್ಲಿ ಉಸಿರು ನಿಲ್ಲಿಸುತ್ತಾನೆ ಅನ್ನುವುದು ಕಾಪಾಡುತ್ತದೆ. ಹಾಗಾಗಿ ಮೂರನೇ ಪುಟದಲ್ಲಿ ಸಾಲು ಸಾಲಾಗಿ ಅರ್ಥ ಬಿಡಿಸಿ ಇಟ್ಟಿದ್ದೀಯಲ್ಲ, ಅದನ್ನು ಪೂರ್ತಿ ಹೊಡೆದುಹಾಕು.

ಇನ್ನೊಂದು. ಎಲ್ಲ ಹಾಡೂ ನಿನಗೆ ಇಷ್ಟ ಆಗಿದೆಯಾ, ನಿಜವಾಗಿಯೂ? ನನಗೆ ‘ಚಿಯರ್ಸ್ ಡಾರ್ಲಿನ್’ ಸಾಕಾಗುತ್ತದೆ. ಗ್ಲಾಸ್ ತಾಗಿಸುವ ಸದ್ದು, ಕುಡಿದವನ ತೊದಲು, ಅವಳು ಇನ್ನೊಬ್ಬನ ಜೊತೆ ಹೋದಳು ಅನ್ನುವ ಗೊಣಗಾಟ, ಎಲ್ಲ ನಾಟಕದ ಹಾಗಿದೆ, ಅದೂ ತುಂಬ ಹೊತ್ತು. ‘ಎಸ್ಕಿಮೋ’ದ ಕೊನೆಗೆ ಡೋರೀನ್ ಕರನ್ ಅವರ ಅಪೆರಾ ದನಿ ಏಕಾಏಕಿ ಎದ್ದು ನಿಲ್ಲುವುದು ಸ್ವಲ್ಪ ಅತಿ ಅಂತ ಇವತ್ತಿಗೂ ಅನಿಸುತ್ತದೆ, ಆದರೆ ಅದನ್ನು ತೆಗೆದುಬಿಡಲೇ ಅಂತ ಯಾರಾದರೂ ಕೇಳಿದರೆ ಬೇಡ ಅನ್ನುತ್ತೇನೆ. ಆಲ್ಬಂ ಉದ್ದಕ್ಕೂ ತನ್ನ ಮೇಲೆ ತಾನೇ ಕನಿಕರಪಡುವ ಹುಡುಗನೊಬ್ಬ ಇದ್ದಾನೆ, ಇಲ್ಲ ಅನ್ನಬೇಡ. ಇದನ್ನೆಲ್ಲ ಹೇಳು. 2003ರಲ್ಲಿ ಈ ಆಲ್ಬಂಗೆ ಅಮೆರಿಕದ ಶಾರ್ಟ್‌ಲಿಸ್ಟ್ ಸಂಗೀತ ಪ್ರಶಸ್ತಿ ಬಂತು ಅಂತ ಹೆದರಿಕೊಂಡು ಸುಮ್ನೆ ಇರಬೇಕಾಗಿಲ್ಲ. ಒಂದು ಹಾಡು ಹಿಡಿಸಲಿಲ್ಲ ಅಂತ ಕಾರಣ ಕೊಟ್ಟು ಬರೆದರೆ, ಹಿಡಿಸಿದ ಒಂಬತ್ತರ ಬಗ್ಗೆ ನೀನು ಹೇಳುವುದನ್ನು ಜನ ನಂಬುತ್ತಾರೆ.

ಹಾಸ್ಟೆಲ್ ಕೋಣೆಯನ್ನು ಪೂರ್ತಿ ತೆಗೆ ಅಂತ ಹೇಳುತ್ತಿಲ್ಲ. ಎರಡು ಸಾಲು ಇರಲಿ, ನಡುವೆ ಎಲ್ಲಾದರೂ. ಮಳೆ ಮಾತ್ರ ಬೇಡ.

ಮುಂದಿನ ವಾರದೊಳಗೆ ತಿದ್ದಿ ಕಳಿಸು, ಎರಡೂವರೆ ಪುಟ ಮೀರದಿರಲಿ. ಫೋನಿನ ಸ್ಪೀಕರಿನಲ್ಲಿ ಕೇಳಿ ಬರೆಯಬೇಡ, ಸೆಲ್ಲೋದ ಕೆಳಗಿನ ಸ್ವರಗಳೆಲ್ಲ ಅದರಲ್ಲಿ ಸತ್ತೇ ಹೋಗುತ್ತವೆ. ಮತ್ತೆ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸು, ಹಳೇ ನುಡಿ ಫಾಂಟಿನ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಬರೀ ಚಿತ್ತಾರವಾಗಿ ತೆರೆದುಕೊಳ್ಳುತ್ತದೆ.

ನಿನ್ನ ಅಣ್ಣ