ನಾಸರ್ ಯಾರ ಕೈಗೊಂಬೆಯೂ ಆಗಿರಲಿಲ್ಲ

ಮಾನ್ಯರೇ,

ಈಜಿಪ್ಟಿನ ಅಧ್ಯಕ್ಷರಾಗಿದ್ದ ನಾಸರ್ ಸೋವಿಯತ್ ರಷ್ಯಾದ ಕೈಗೊಂಬೆಯಾಗಿದ್ದರು ಅನ್ನುವ ಮಾತು ಈಗಲೂ ಆಗಾಗ ಕಿವಿಗೆ ಬೀಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ.

1953ರಲ್ಲಿ ಗಣರಾಜ್ಯವಾದ ಆ ದೇಶಕ್ಕೆ ಆಯುಧ ಬೇಕಿತ್ತು. ಪಶ್ಚಿಮದ ದೇಶಗಳು ಕೇಳಿದಷ್ಟು ಕೊಡಲಿಲ್ಲ. 1955ರಲ್ಲಿ ಜೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಆಯುಧ ಬಂತು. ಮರುವರ್ಷ ಜುಲೈನಲ್ಲಿ ನೈಲ್ ನದಿಯ ಅಸ್ವಾನ್ ಅಣೆಕಟ್ಟಿಗೆ ಕೊಡುತ್ತೇವೆಂದಿದ್ದ ಹಣವನ್ನು ಕೊಡುವುದಿಲ್ಲವೆಂದು ಅಮೆರಿಕ ಕೈ ಎತ್ತಿತು. ಒಂದೇ ವಾರಕ್ಕೆ ನಾಸರ್, ಅಣೆಕಟ್ಟಿಗೆ ಬೇಕಾದ ಹಣಕ್ಕಾಗಿ, ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಕೊನೆಗೆ 1958ರಲ್ಲಿ ಅಣೆಕಟ್ಟಿಗೆ ಸಾಲ ಕೊಡಲು ಒಪ್ಪಿದ್ದು ಮಾಸ್ಕೋ.

ಇಲ್ಲೇ ಒಂದು ವಿಷಯ ಗಮನಿಸಬೇಕು. ಸಾಲದ ಒಪ್ಪಂದವಾದ ಕೆಲವೇ ದಿನಗಳಲ್ಲಿ, 1959ರ ಹೊಸ ವರ್ಷದ ಹೊತ್ತಿಗೆ, ನಾಸರ್ ತಮ್ಮ ದೇಶದ ಕಮ್ಯುನಿಸ್ಟರನ್ನೇ ಹಿಡಿದು ಜೈಲಿಗೆ ಹಾಕಿಸಿದರು. ಸೋವಿಯತ್ ನಾಯಕ ಕ್ರುಶ್ಚೇವ್ ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಆದರೂ ನೆರವು ನಿಲ್ಲಲಿಲ್ಲ, 1960ರ ಜನವರಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಕೈಗೊಂಬೆ ಹೀಗೆ ನಡೆದುಕೊಳ್ಳುತ್ತದೆಯೇ? ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಿದ್ದರು, ಅಷ್ಟೇ ಅಲ್ವಾ?

ನನಗೆ ಜಾಸ್ತಿ ನೋವಾಗುವುದು ಆ ಜೈಲುಗಳಲ್ಲಿ ಹೊಡೆತ ತಿಂದು ಸತ್ತವರನ್ನು ನೆನೆದಾಗ. ಹಾಗೆಯೇ ಊರು, ತೋಟ, ಸಮಾಧಿಗಳನ್ನೆಲ್ಲ ಅಣೆಕಟ್ಟಿನ ನೀರಿಗೆ ಬಿಟ್ಟು ಎದ್ದು ಹೋದ ನೈಲ್ ದಂಡೆಯ ನುಬಿಯನ್ನರನ್ನು ನೆನೆದಾಗ. ಈಜಿಪ್ಟಿನ ಕಡೆಯಲ್ಲೇ ಅವರು ಸುಮಾರು 50,000 ಮಂದಿ. ನಿಮ್ಮ ಪತ್ರಿಕೆಯಲ್ಲಿ ಅಸ್ವಾನ್ ಬಗ್ಗೆ ಬರೆಯುವಾಗ ದಯವಿಟ್ಟು ಇವರ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ.

ಒಬ್ಬ ಓದುಗ, ಶಿವಮೊಗ್ಗ