ತೂರ್ಕೆವೆಯ ಅಣ್ಣತಮ್ಮಂದಿರ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಕರಡು ಎರಡು ಸಲ ಓದಿದೆ. ಹಂಗೆರಿಯ ಒಂದು ಸಣ್ಣ ಊರು, ಅಲ್ಲಿಂದ ಹೊರಟ ಸಿನಿಮಾ ಮತ್ತು ರಂಗಭೂಮಿಯ ಮಂದಿ. ವಿಷಯ ಗಟ್ಟಿಯಾಗಿದೆ. ಆದರೆ ಊರು ಮೊದಲ ಪ್ಯಾರಾದಲ್ಲಿ ಬಂದು ಒಂದು ನಮಸ್ಕಾರ ಹೇಳಿ ಹೊರಟುಹೋಗುತ್ತದೆ, ಆಮೇಲೆ ಉಳಿಯುವುದು ಹೆಸರುಗಳ ಸಾಲು: ಹುಟ್ಟಿದ ಇಸವಿ, ಪ್ರಶಸ್ತಿ, ತೀರಿಕೊಂಡ ಇಸವಿ. ಓದುಗ ಮೂರನೆಯ ಹೆಸರಿಗೇ ಕಣ್ಣು ಜಾರಿಸುತ್ತಾನೆ. ಆ ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡು. ಮೂವರು ಸಾಕು, ಒಂದೇ ತಾಯಿಯ ಮಕ್ಕಳು: ಅಲೆಕ್ಸಾಂಡರ್, ಜೊಲ್ತಾನ್, ವಿನ್ಸೆಂಟ್ ಕೊರ್ಡಾ. ಒಬ್ಬ ನಿರ್ಮಾಪಕ, ಒಬ್ಬ ನಿರ್ದೇಶಕ, ಒಬ್ಬ ಕಲಾ ನಿರ್ದೇಶಕ. ಮೂವರೂ ಸೇರಿದರೆ ಒಂದು ಕಂಪನಿ.

ಮೊದಲು ಹುಟ್ಟೂರಿನ ವಿಚಾರ. ‘ತೂರ್ಕೆವೆ ಪಟ್ಟಣದಲ್ಲಿ ಹುಟ್ಟಿದರು’ ಎಂದು ಬರೆದಿದ್ದೀಯ. ದೊಡ್ಡವನು ಅಲೆಕ್ಸಾಂಡರ್ ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಊರಿನಾಚೆ ಪುಸ್ತತೂರ್ಪಾಸ್ತೋ ಎಂಬ ಎಸ್ಟೇಟಿನಲ್ಲಿ. ತಂದೆ ಹೆನ್ರಿಕ್ ಕೆಲ್ನರ್ ಅಲ್ಲಿನ ಪಾರುಪತ್ತೇಗಾರ, ಬೇರೆಯವರ ಜಮೀನು ನೋಡಿಕೊಳ್ಳುತ್ತಿದ್ದ ಯಹೂದಿ ಗೃಹಸ್ಥ. ಇದನ್ನು ಸರಿಯಾಗಿ ಬರೆದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಇದ್ದ ಮನೆ ಆ ಕೆಲಸದ ಜೊತೆ ಬಂದದ್ದು, ಜಮೀನು ಸ್ವಂತದ್ದಲ್ಲ. ದೊಡ್ಡ ಮಗ ಇನ್ನೂ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡ. ಆಮೇಲೆ ಆ ಸಂಸಾರಕ್ಕೆ ಅಲ್ಲಿ ಉಳಿಯಲು ನೆಲೆಯೇ ಇರಲಿಲ್ಲ. ‘ಕನಸು ಹೊತ್ತು ಊರು ಬಿಟ್ಟ ಹುಡುಗರು’ ಎಂಬ ನಿನ್ನ ಸಾಲನ್ನು ಅದಕ್ಕೇ ಹೊಡೆದುಹಾಕಿದ್ದೇನೆ.

ಊರಿನ ವರ್ಣನೆಯನ್ನೂ ಸ್ವಲ್ಪ ಬಿಗಿ ಮಾಡು. ತೂರ್ಕೆವೆ ಇರುವುದು ತಿಸಾ ನದಿಯ ಪೂರ್ವಕ್ಕೆ, ಹಂಗೆರಿಯ ಮಹಾ ಬಯಲಿನಲ್ಲಿ. ನಿನ್ನ ಕರಡಿನಲ್ಲಿ ಬರುವ ‘ಬೆಟ್ಟಗಳ ಮಡಿಲು’ ಅಲ್ಲಿಲ್ಲ. ಕಣ್ಣು ಹಾಯಿಸಿದಷ್ಟೂ ಸಮತಟ್ಟು ಬಯಲು. ಇನ್ನು, ಈ ಬಯಲಿಗೂ ಮುಂದೆ ಜೊಲ್ತಾನ್ ಚಿತ್ರಿಸಿದ ಮರುಭೂಮಿಗಳಿಗೂ ನಂಟು ಹಾಕುವ ಆಸೆ ನಿನಗೆ ಬಂದೇ ಬರುತ್ತದೆ. ಬೇಡ. ಕೇಳಲು ಚೆನ್ನ, ಆದರೆ ಅದಕ್ಕೆ ಆಧಾರ ಬೇಕಲ್ಲ.

ಹೆಸರುಗಳಿಗೆ ಒಂದು ದಿನ ಪೂರ್ತಿ ಮೀಸಲಿಡು. ಹಂಗೆರಿಯನ್ನರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಆದ್ದರಿಂದ ‘ಕೊರ್ಡಾ ಶಾಂದೊರ್’ ಮತ್ತು ‘ಅಲೆಕ್ಸಾಂಡರ್ ಕೊರ್ಡಾ’ ಇಬ್ಬರಲ್ಲ, ಒಬ್ಬನೇ. ನಿನ್ನ ಪಟ್ಟಿಯಲ್ಲಿ ಅವನು ಎರಡು ಸಲ ಬಂದದ್ದು ಹೀಗೆ. ಒಂದು ಹಾಳೆಯಲ್ಲಿ ನಾಲ್ಕು ಕಂಬ ಹಾಕಿಕೋ: ಇಸವಿ, ಊರು, ಆಗ ಆ ಊರು ಯಾವ ದೇಶದ್ದು, ಆಗ ಅವನಿಗಿದ್ದ ಹೆಸರು. 1893ರಲ್ಲಿ ಅವನು ಕೆಲ್ನರ್. ಬುಡಾಪೆಸ್ಟಿನಲ್ಲಿ ಪತ್ರಿಕೆಗಳಿಗೆ ಬರೆಯತೊಡಗಿದಾಗ ಲ್ಯಾಟಿನ್ ಪ್ರಾರ್ಥನೆಯ ಒಂದು ಪದದಿಂದ ಕೊರ್ಡಾ ಎಂಬ ಅಂಕಿತ ಇಟ್ಟುಕೊಂಡ. ಆ ಪದಕ್ಕೆ ‘ಹೃದಯಗಳು’ ಎಂದು ಅರ್ಥ. ತಮ್ಮಂದಿರಿಬ್ಬರೂ ಮುಂದೆ ಅದನ್ನೇ ಹಿಡಿದರು. ಅಲೆಕ್ಸಾಂಡರ್‌ನ ಮೊದಲ ಹೆಂಡತಿ, ನಟಿ ಮಾರಿಯಾ ಕೊರ್ಡಾ, ಇಂಗ್ಲಿಷಿನಲ್ಲಿ ‘ಕೆ’ ಬದಲು ‘ಸಿ’ ಹಾಕಿ ಬರೆದುಕೊಂಡಳು. ಕನ್ನಡದಲ್ಲಿ ಆ ವ್ಯತ್ಯಾಸ ಅಳಿಸಿಹೋಗುವುದರಿಂದ ಅವಳು ಹೆಂಡತಿ ಎಂದು ಒಂದು ಮಾತು ಸೇರಿಸು. ಇಲ್ಲದಿದ್ದರೆ ಓದುಗರು ತಂಗಿ ಅಂದುಕೊಳ್ಳುತ್ತಾರೆ.

ಉಚ್ಚಾರಣೆಯಲ್ಲಿ ನಮ್ಮ ಲಿಪಿ ನಮಗೆ ದೊಡ್ಡ ಅನುಕೂಲ. ಹಂಗೆರಿಯನ್ ಭಾಷೆಯಲ್ಲಿ ಹ್ರಸ್ವ ಎ ಬೇರೆ, ದೀರ್ಘ ಏ ಬೇರೆ. ಒ ಬೇರೆ, ಓ ಬೇರೆ. ಇಂಗ್ಲಿಷ್ ಓದಿನಲ್ಲಿ ಕಳೆದುಹೋಗುವ ಈ ಭೇದ ಕನ್ನಡದಲ್ಲಿ ಉಳಿಯುತ್ತದೆ. ಅವರ ಅಕ್ಷರದ ಮೇಲೆ ಓರೆ ಗೆರೆ ಕಂಡರೆ ದೀರ್ಘ ಹಾಕು. ಬರೇ ‘ಎಸ್’ ಇದ್ದರೆ ಶ, ‘ಎಸ್’ ಮುಂದೆ ‘ಜೆಡ್’ ಇದ್ದರೆ ಸ. ‘ಸಿ’ ಒಂದೇ ಇದ್ದರೆ ತ್ಸ, ‘ಸಿ’ ಜೊತೆ ‘ಎಸ್’ ಬಂದರೆ ಚ. ‘ಜೆ’ ಎಂದರೆ ಯ. ತ ಮತ್ತು ದ ದಂತ್ಯ, ಟ ಡ ಅಲ್ಲ. ಹೀಗೆ ಸಾಂಡರ್ ಹೋಗಿ ಶಾಂದೊರ್ ಆಗುತ್ತದೆ, ಟರ್ಕೀವ್ ಹೋಗಿ ತೂರ್ಕೆವೆ ಆಗುತ್ತದೆ, ವಿನ್ಸೆಂಟನ ಬಾಲ್ಯದ ಹೆಸರು ವಿಂತ್ಸೆ ಆಗುತ್ತದೆ. ಲಂಡನ್ನಿಗೆ ಬಂದ ಮೇಲೆ ಅವರೇ ಇಂಗ್ಲಿಷ್ ಹೆಸರು ಬಳಸಿದ್ದರಿಂದ ಅಲ್ಲಿಂದ ಮುಂದೆ ಅಲೆಕ್ಸಾಂಡರ್, ವಿನ್ಸೆಂಟ್, ಕೊರ್ಡಾ ಎಂದೇ ಬರೆ.

ಮೂರನೆಯ ಕಂಬ ಯಾಕೆ ಅಂದರೆ, ಮೊದಲ ಮಹಾಯುದ್ಧದ ನಂತರ ಹಂಗೆರಿಯ ಗಡಿ ಕುಗ್ಗಿತು. ‘ಹಂಗೆರಿಯಲ್ಲಿ ಹುಟ್ಟಿದ ನಟ’ ಬೇಲಾ ಲುಗೊಶಿಯ ಹುಟ್ಟೂರು ಲುಗೊಶ್ ಇವತ್ತು ರುಮೇನಿಯಾದಲ್ಲಿದೆ, ನಟ ಪೀಟರ್ ಲೊರ್ರೆ ಹುಟ್ಟಿದ ಊರು ಸ್ಲೊವಾಕಿಯಾದಲ್ಲಿದೆ. ತೂರ್ಕೆವೆ ಹಂಗೆರಿಯಲ್ಲೇ ಉಳಿಯಿತು. ಆದರೆ ಅಲೆಕ್ಸಾಂಡರ್ ಕಸುಬು ಕಲಿತ ಊರುಗಳಲ್ಲಿ ಒಂದಾದ ಕೊಲೊಝ್‌ವಾರ್ ರುಮೇನಿಯಾಕ್ಕೆ ಹೋಯಿತು, ಈಗಿನ ಕ್ಲುಜ್. ಅಲ್ಲಿನ ಹಂಗೆರಿಯನ್ ನಾಟಕಶಾಲೆಯ ನಿರ್ದೇಶಕ ಯಾನೊವಿಚ್ ಯೆನೋ 1913ರಿಂದ ಸಿನಿಮಾ ತೆಗೆಯತೊಡಗಿದ, ತನ್ನ ರಂಗಭೂಮಿಯ ನಟರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ. ನಿನ್ನ ಲೇಖನದಲ್ಲಿ ರಂಗಭೂಮಿ ಬರಬೇಕಾದ ಜಾಗ ಇದು. ಯಾನೊವಿಚ್‌ನ ಕೊರ್ವಿನ್ ಕಂಪನಿಯನ್ನು ಅಲೆಕ್ಸಾಂಡರ್ 1917ರಲ್ಲಿ ಪಾಲುದಾರನೊಬ್ಬನ ಜೊತೆ ಕೊಂಡು ಬುಡಾಪೆಸ್ಟಿಗೆ ಸಾಗಿಸಿದ. 1919ರಲ್ಲಿ ಅಲ್ಪಾಯುಷಿ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಅವನ ಬಂಧನವಾಯಿತು. ಬಿಡುಗಡೆಯಾದವನು ವಿಯೆನ್ನಾಕ್ಕೆ ಹೋದ. ಅಲ್ಲಿಂದ ಬರ್ಲಿನ್, ಹಾಲಿವುಡ್, ಪ್ಯಾರಿಸ್, ಕೊನೆಗೆ ಲಂಡನ್. ಈ ಅಲೆದಾಟಕ್ಕೆ ಒಂದು ಪ್ಯಾರಾ ಮೀರಬೇಡ. ಪ್ಯಾರಿಸಿನಲ್ಲಿ ಮಾತ್ರ ಒಂದು ಕ್ಷಣ ನಿಲ್ಲು. 1931ರ ‘ಮಾರಿಯುಸ್’ ಚಿತ್ರದ ಮೂಲ ರಂಗದ ಮೇಲೆ ಗೆದ್ದಿದ್ದ ನಾಟಕ. ರಂಗದ ಮೇಲೆ ಆಡಿದ್ದ ಮುಖ್ಯ ನಟರನ್ನೇ ಅಲೆಕ್ಸಾಂಡರ್ ಚಿತ್ರಕ್ಕೂ ಇಟ್ಟುಕೊಂಡ. ಚಿತ್ರಕಾರನಾಗಿ ಬದುಕುತ್ತಿದ್ದ ವಿನ್ಸೆಂಟನನ್ನು ಸೆಟ್ಟಿನ ಕೆಲಸಕ್ಕೆ ಎಳೆದು ತಂದದ್ದೂ ಅದೇ ಚಿತ್ರಕ್ಕೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ‘ಕೊರ್ಡಾ ಚಿತ್ರ’ ಎಂದು ಹನ್ನೊಂದು ಕಡೆ ಬರೆದಿದ್ದೀಯ. ಯಾವ ಕೊರ್ಡಾ? ಏನು ಮಾಡಿದ? 1933ರ ‘ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್’ ಅಲೆಕ್ಸಾಂಡರ್ ನಿರ್ದೇಶಿಸಿದ್ದು, ಸೆಟ್ಟು ವಿನ್ಸೆಂಟನದು, ಆಸ್ಕರ್ ಬಂದದ್ದು ನಟ ಚಾರ್ಲ್ಸ್ ಲಾಟನ್‌ಗೆ. 1949ರ ‘ದಿ ಥರ್ಡ್ ಮ್ಯಾನ್’ ನಿರ್ದೇಶಿಸಿದವನು ಕರೋಲ್ ರೀಡ್. ಅಲೆಕ್ಸಾಂಡರ್ ನಿರ್ಮಾಪಕರಲ್ಲಿ ಒಬ್ಬ, ವಿನ್ಸೆಂಟ್ ಸೆಟ್ಟು ಮಾಡಿದ. 1939ರ ‘ದಿ ಫೋರ್ ಫೆದರ್ಸ್’ ಜೊಲ್ತಾನನ ನಿರ್ದೇಶನ. ಪ್ರತಿ ಚಿತ್ರದ ಟೈಟಲ್ ಕಾರ್ಡನ್ನು ನಿಲ್ಲಿಸಿ ನಿಲ್ಲಿಸಿ ಓದು, ಯಾವ ಹೆಸರಿನ ಮುಂದೆ ಯಾವ ಕೆಲಸ ಇದೆಯೋ ಅಷ್ಟನ್ನೇ ಬರೆ.

ಪ್ರಶಸ್ತಿಯ ಹೆಸರಿಗಿಂತ ಕೆಲಸದ ವಿವರ ಓದುಗನನ್ನು ಹಿಡಿಯುತ್ತದೆ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರಕ್ಕೆ ವಿನ್ಸೆಂಟನಿಗೆ ಬಣ್ಣದ ಚಿತ್ರಗಳ ಕಲಾ ನಿರ್ದೇಶನದ ಆಸ್ಕರ್ ಬಂತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅರಮನೆ, ಗೋಪುರ, ಬಂದರು ಇವೆಲ್ಲ ಆ ಕಾಲದಲ್ಲಿ ಹೇಗೆ ಎದ್ದು ನಿಲ್ಲುತ್ತಿದ್ದವು ಎಂದು ಹೇಳು. ನಟರು ಓಡಾಡುವ ಕೆಳಗಿನ ಭಾಗವನ್ನಷ್ಟೇ ಮರ, ಪ್ಲಾಸ್ಟರಿನಲ್ಲಿ ನಿಜ ಅಳತೆಗೆ ಕಟ್ಟುತ್ತಿದ್ದರು. ಮೇಲಿನದಕ್ಕೆ ಎರಡು ದಾರಿ. ಒಂದು, ಪುಟ್ಟ ಮಾದರಿಯನ್ನು ಕ್ಯಾಮೆರಾ ಹತ್ತಿರ ತೂಗುಹಾಕುವುದು. ಸೆಟ್ಟು 50 ಅಡಿ ದೂರ ಇದ್ದು ಮಾದರಿ 5 ಅಡಿ ದೂರದಲ್ಲಿದ್ದರೆ, ಮಾದರಿಯ ಅಳತೆ ಹತ್ತರಲ್ಲೊಂದು ಪಾಲು. ಕ್ಯಾಮೆರಾದ ಕಣ್ಣಿಗೆ ಎರಡೂ ಸೇರಿ ಒಂದೇ ಕಟ್ಟಡ. ಕ್ಯಾಮೆರಾ ಪಕ್ಕಕ್ಕೆ ಸ್ವಲ್ಪ ಸರಿದರೆ ಗೋಪುರ ಗೋಡೆಯಿಂದ ಕಳಚಿಕೊಂಡಂತೆ ಕಾಣುತ್ತದೆ. ಹತ್ತಿರದ ಮಾದರಿ, ದೂರದ ಸೆಟ್ಟು ಎರಡೂ ಸ್ಫುಟವಾಗಿ ಬೀಳಬೇಕಾದರೆ ಲೆನ್ಸಿನ ಬಾಯಿ ಕಿರಿದು ಮಾಡಬೇಕು. ಕಿರಿದು ಮಾಡಿದರೆ ಬೆಳಕು ಸಾಲದು. ಬಣ್ಣದ ಚಿತ್ರಗಳಿಗೆ ಬಳಸುತ್ತಿದ್ದ ಅಂದಿನ ಟೆಕ್ನಿಕಲರ್ ಕ್ಯಾಮೆರಾ ಬಂದ ಬೆಳಕನ್ನೇ ಒಡೆದು ಮೂರು ನೆಗೆಟಿವ್‌ಗಳಿಗೆ ಹಂಚುತ್ತಿದ್ದುದರಿಂದ ಬೆಳಕಿನ ಹಸಿವು ಇನ್ನೂ ಜಾಸ್ತಿ.

ಇನ್ನೊಂದು ದಾರಿ ಗಾಜಿನ ಮೇಲೆ ಬರೆದ ಚಿತ್ರ. ಚಿತ್ರೀಕರಿಸುವಾಗ ಚೌಕಟ್ಟಿನ ಮೇಲ್ಭಾಗವನ್ನು ಕಪ್ಪಾಗಿ ಮುಚ್ಚಿ, ಆಮೇಲೆ ಅದೇ ಜಾಗಕ್ಕೆ ಬರೆದ ಗೋಪುರವನ್ನು ಕೂಡಿಸುತ್ತಾರೆ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಕೂಡುಗೆರೆ ನಡುಗುತ್ತದೆ. ಸೆಟ್ಟಿನ ಮೇಲೆ ಬಿಸಿಲು ಎಡದಿಂದ ಬಿದ್ದು ಚಿತ್ರದಲ್ಲಿ ನೆರಳು ಬಲದ್ದಾದರೆ ಮಗುವಿಗೂ ಗೊತ್ತಾಗುತ್ತದೆ. ‘ಥೀಫ್’ನಲ್ಲಿ ಈ ಬರೆದ ಹಿನ್ನೆಲೆಗಳು ಪರ್ಸಿ ಡೇ ಎಂಬ ಕಲಾವಿದನ ಕೆಲಸ. ಅವನ ಹೆಸರನ್ನೂ ಸೇರಿಸು. ಕಲಾ ನಿರ್ದೇಶಕನ ಕಾಣ್ಕೆಯಲ್ಲಿ ಹತ್ತು ಕೈಗಳಿರುತ್ತವೆ. ಚಿತ್ರ ಶುರುವಾಗುವುದೇ ಹಡಗಿನ ಮೂತಿಗೆ ಬಣ್ಣದಲ್ಲಿ ಬರೆದ ದೊಡ್ಡ ಕಣ್ಣಿನಿಂದ, ಜೊತೆಗೆ ಕೆಂಪು ಹಾಯಿ. ಆ ಒಂದು ಕಣ್ಣನ್ನು ಹತ್ತಿರದಿಂದ ನಿಂತು ನೋಡಿ ನಾಲ್ಕು ಸಾಲು ಬರೆದರೆ ವಿನ್ಸೆಂಟ್ ಮೂಲತಃ ಚಿತ್ರಕಾರ ಎಂದು ಬೇರೆ ಹೇಳಬೇಕಾಗಿಲ್ಲ. ಲಂಡನ್ ಬಳಿಯ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ ಶುರುವಾದ ಈ ಚಿತ್ರ 1939ರಲ್ಲಿ ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿಯಿತು. ಟೈಟಲ್ ಕಾರ್ಡಿನಲ್ಲೇ ಮೂವರು ನಿರ್ದೇಶಕರ ಹೆಸರಿದೆ, ಯಾರೋ ಒಬ್ಬರದೇ ಎನ್ನಬೇಡ.

ಆ ಹಡಗು, ಆ ಬಂದರಿನ ನಡುವೆ ಓಡಾಡುವ ಕಳ್ಳ ಹುಡುಗ ಅಬುವಿನ ಪಾತ್ರ ಮಾಡಿದ ಸಾಬು ನಮ್ಮ ಕಡೆಯವನು. ನಿನ್ನ ಕರಡಿನಲ್ಲಿ ಅವನ ಸುದ್ದಿಯೇ ಇಲ್ಲದ್ದು ನೋಡಿ ಬೇಜಾರಾಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1935ರಲ್ಲಿ ಸಾಕ್ಷ್ಯಚಿತ್ರಗಳಿಗೆ ಹೆಸರಾದ ರಾಬರ್ಟ್ ಫ್ಲಾಹರ್ಟಿ ಅಲೆಕ್ಸಾಂಡರ್‌ನ ಕಂಪನಿಗಾಗಿ ‘ಎಲಿಫೆಂಟ್ ಬಾಯ್’ ತೆಗೆಯಲು ಮೈಸೂರಿಗೆ ಬಂದಾಗ ಈ ಹುಡುಗ ಮಹಾರಾಜರ ಆನೆಲಾಯದಲ್ಲಿ ಕಣ್ಣಿಗೆ ಬಿದ್ದ. ಹಲವು ಕಡೆ ‘ಸಾಬು ದಸ್ತಗೀರ್’ ಎಂದು ಕಾಣುತ್ತದೆ. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು ಎಂದು ಮುಂದೆ ಹುಡುಕಿದವರು ಹೇಳಿದ್ದಾರೆ. ಸಾಬು ಎಂದಷ್ಟೇ ಬರೆ, ತೆರೆಯ ಮೇಲೂ ಅಷ್ಟೇ ಇರುವುದು.

ಫ್ಲಾಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಕಾಡು, ಆನೆ, ಮುಖಗಳನ್ನು ಚಿತ್ರೀಕರಿಸಿದ. ಕಥೆಗೆ ಬೇಕಾದ ಮಾತಿನ ದೃಶ್ಯಗಳನ್ನು ಜೊಲ್ತಾನ್ ಡೆನ್ಹ್ಯಾಮ್‌ನಲ್ಲಿ ತೆಗೆದ. ಎರಡನ್ನೂ ಹೊಲಿದು ಚಿತ್ರ ಸಿದ್ಧವಾಯಿತು, 1937ರ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರ ಪಾಲಿಗೂ ಬಂತು. ಹೊರಗೆ ತೆಗೆದದ್ದಕ್ಕೆ ಸ್ಟುಡಿಯೋ ದೃಶ್ಯ ಹೊಲಿಯುವ ಈ ವಿಧಾನ ಜೊಲ್ತಾನನಿಗೆ ಹೊಸದಲ್ಲ. 1935ರ ‘ಸ್ಯಾಂಡರ್ಸ್ ಆಫ್ ದಿ ರಿವರ್’ಗೂ ಆಫ್ರಿಕಾದಲ್ಲಿ ತೆಗೆದ ಜನಜೀವನದ ದೃಶ್ಯಗಳಿಗೆ ಇಂಗ್ಲೆಂಡಿನ ಸ್ಟುಡಿಯೋ ದೃಶ್ಯ ಸೇರಿಸಿದ್ದರು. ಅದರಲ್ಲಿ ನಟಿಸಿದ ಪಾಲ್ ರೋಬ್ಸನ್, ಕೊನೆಯ ರೂಪ ಸಾಮ್ರಾಜ್ಯದ ಹೊಗಳಿಕೆಯಾದದ್ದು ಕಂಡು ಆ ಚಿತ್ರದಿಂದ ದೂರ ನಿಂತ. ಸಾಬು ನಟಿಸಿದ ‘ದಿ ಡ್ರಮ್’ ವಿರುದ್ಧ 1938ರಲ್ಲಿ ಮುಂಬಯಿಯಲ್ಲಿ ಪ್ರತಿಭಟನೆಯಾಯಿತು. ಅದರ ನಿರ್ದೇಶಕನೂ ಜೊಲ್ತಾನನೇ. ಇವನ್ನು ಅಭಿಮಾನದ ಭರದಲ್ಲಿ ನುಂಗಬೇಡ. ಹಾಗೆಯೇ, ದಕ್ಷಿಣ ಆಫ್ರಿಕಾದ ವರ್ಣಭೇದದ ನೋವನ್ನು ಹೇಳುವ ‘ಕ್ರೈ, ದಿ ಬಿಲವೆಡ್ ಕಂಟ್ರಿ’ಯನ್ನು 1951ರಲ್ಲಿ ನಿರ್ದೇಶಿಸಿದವನೂ ಅವನೇ ಎಂಬುದನ್ನೂ ಬಿಡಬೇಡ. ಎರಡನ್ನೂ ಪಕ್ಕಪಕ್ಕ ಇಡು, ತೀರ್ಪು ಕೊಡುವ ಅವಸರ ಬೇಡ.

ಪ್ರಚಾರದ ಹಾಳೆಗಳನ್ನು ನಂಬುವ ವಿಚಾರದಲ್ಲಿ ಒಂದೇ ಉದಾಹರಣೆ ಸಾಕು. ಅಲೆಕ್ಸಾಂಡರ್ 1939ರಲ್ಲಿ ಮದುವೆಯಾದ ನಟಿ ಮರ್ಲ್ ಒಬೆರಾನ್ ಟಾಸ್ಮೇನಿಯಾದಲ್ಲಿ ಹುಟ್ಟಿದವಳು ಎಂದು ದಶಕಗಳ ಕಾಲ ಅಚ್ಚಾಯಿತು. ಅವಳು ಹುಟ್ಟಿದ್ದು ಮುಂಬಯಿಯಲ್ಲಿ. ಹುಟ್ಟೂರಿನ ಬಗ್ಗೆಯೇ ಲೇಖನ ಬರೆಯುವವಳು ನೀನು, ಸ್ಟುಡಿಯೋ ಕೊಟ್ಟ ಹುಟ್ಟೂರನ್ನು ಇನ್ನೊಂದು ಆಧಾರವಿಲ್ಲದೆ ಒಪ್ಪಬೇಡ.

ಹೊಸ ಕರಡು ಬರೆಯುವ ಮುಂಚೆ ‘ಎಲಿಫೆಂಟ್ ಬಾಯ್’ ಎರಡು ಸಲ ನೋಡು. ಮೊದಲ ಸಲ ಹಾಗೇ ನೋಡು. ಎರಡನೆಯ ಸಲ ಧ್ವನಿ ಪೂರ್ತಿ ಇಳಿಸಿ, ಕಾಗದದಲ್ಲಿ ಎರಡು ಕಂಬ ಹಾಕಿಕೊಂಡು, ಪ್ರತಿ ಶಾಟಿಗೂ ಮೈಸೂರು ಅಥವಾ ಡೆನ್ಹ್ಯಾಮ್ ಎಂದು ಗುರುತು ಹಾಕು. ನೆರಳಿನ ಅಂಚು ನೋಡು, ಹಿನ್ನೆಲೆಯ ಎಲೆಗಳು ಗಾಳಿಗೆ ಅಲ್ಲಾಡುತ್ತವೆಯೋ ಇಲ್ಲವೋ ನೋಡು, ಸಾಬು ನೆಲದ ಮೇಲೆ ಕಾಲಿಟ್ಟಾಗ ಧೂಳು ಏಳುತ್ತದೆಯೋ ನೋಡು. ಗೊತ್ತಾಗದ ಕಡೆ ಪ್ರಶ್ನೆ ಚಿಹ್ನೆ ಹಾಕು, ಊಹೆ ಮಾಡಿ ತುಂಬಬೇಡ. ಆ ಕಾಗದವನ್ನು ಕರಡಿನ ಜೊತೆಗೇ ಕಳಿಸು, ಅದನ್ನು ಮೊದಲು ಓದುತ್ತೇನೆ.

ಇಂತಿ ನಿನ್ನ ಹಿತೈಷಿ